ಮಣಿಕಟ್ಟು: ಭಾಗ 3

ಮಂಡ್ಯದಿಂದ ಮದ್ದೂರಿಗೆ ಬಸ್ಸಲ್ಲಿ ನಿಂತಿದ್ದೆ. ಬಲಗೈಲಿ ಕಂಬಿ ಹಿಡಿಯೋಕಾಗ್ಲಿಲ್ಲ.

ತಪ್ಪು ನಂದೇ ಕಣ್ರೋ. ತಡ ಆಯ್ತು ಅಂತ 4.5 ಮೀಟರ್ ಹ್ಯಾಂಡ್‌ರ‍್ಯಾಪ್ ಸುತ್ತದೇ ಬ್ಯಾಗಿಗೆ ಹೊಡ್ದೆ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗಬೇಕು, ಮಣಿಕಟ್ಟು ನೇರ ಇರಬೇಕು. ನಂದು ಒಳಕ್ಕೆ ಮಡಚಿಕೊಳ್ತು.

ಬಾಕ್ಸಿಂಗ್ ಬಿಡಿಸ್ತಾರೆ ಅಂತ ನಾಲ್ಕು ದಿನ ಯಾರಿಗೂ ಹೇಳ್ಲಿಲ್ಲ. ಹಿಟ್ಟು ತೊಳಸೋಕೆ ಕೋಲು ಹಿಡಿದಾಗ ಕಣ್ಣಲ್ಲಿ ನೀರು ಬಂತು. ಅವ್ವ ನೋಡ್ಬಿಡ್ತು. "ಮೊದ್ಲೇ ಯೋಳಕ್ಕೇನಾಗಿತ್ತು?" ಅಂತು, ಅಷ್ಟೇ. ಬಿಡು ಅನ್ನಲಿಲ್ಲ.

ಡಾಕ್ಟ್ರು ಹೆಬ್ಬೆರಳ ಬುಡದ ಗುಳಿ ಒತ್ತಿದ್ರು. ಜೀವ ಹೋದಂಗಾಯ್ತು. ಅಲ್ಲಿರೋ ಸ್ಕೇಫಾಯ್ಡ್ ಮೂಳೆ ಸೀಳಿದ್ರೂ ಮೊದಲ ಎಕ್ಸ್‌ರೇಲಿ ಕಾಣದೇ ಇರಬಹುದಂತೆ. ಅದಕ್ಕೇ ಸೋಮವಾರ ಇನ್ನೊಂದು.

ಅಲ್ಲೀತನಕ ಕೈಗೆ ಪಟ್ಟಿ, ಬರೀ ಫುಟ್‌ವರ್ಕ್. ಹಿಟ್ಟು ತೊಳಸೋದು ತಮ್ಮ. ಗಂಟು ಗಂಟು.