ಬಸುರಿ ಅಕ್ಕ, ಉಳಿದ ಮಯೋನೀಸ್ ಮತ್ತು ಅಜ್ಜಿಯ ಲೆಕ್ಕ

ಮನೆಯಲ್ಲಿ ಮಯೋನೀಸ್ ಮಾಡೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ: ಅದನ್ನು ಸ್ವಲ್ಪ ಮಾಡೋಕೆ ಬರಲ್ಲ. ಒಂದೇ ಮೊಟ್ಟೆ ಒಡೆದರೂ ಮುಕ್ಕಾಲು ಕಪ್‌ನಿಂದ ಒಂದು ಕಪ್ ಎಣ್ಣೆ ಬೇಕು. ಅದಕ್ಕಿಂತ ಕಡಿಮೆಯಾದರೆ ಮಿಕ್ಸಿ ಬ್ಲೇಡಿಗೇ ಸಿಗಲ್ಲ. ಎಲ್ಲರ ಸ್ಯಾಂಡ್‌ವಿಚ್‌ಗೂ ಸವರಿದರೆ ಖರ್ಚಾಗೋದು ನಾಲ್ಕೈದು ಚಮಚ. ಉಳಿದದ್ದನ್ನು ಏನ್ ಮಾಡೋದು?

ನಮ್ಮ ಹೊಸಪೇಟೆ ಮನೆಯಲ್ಲಿ ಈ ಪ್ರಶ್ನೆಗೆ ಈಗ ತೂಕ ಜಾಸ್ತಿ. ನಾನು ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡ್ತೀನಿ. ಅಪ್ಪ, ಅಮ್ಮ, ಕಂಪ್ಲಿಯಿಂದ ಬಂದು ನಮ್ಮ ಜೊತೆಗಿರೋ ಅಜ್ಜಿ. ಕುಬುಸ ಮುಗಿಸಿಕೊಂಡು ಸಂಡೂರಿನಿಂದ ಹೆರಿಗೆಗೆ ಅಂತ ಅಕ್ಕನೂ ಬಂದಿದ್ದಾಳೆ. ಅವಳಿಗೆ ಏಳು ತಿಂಗಳು. ಬಯಕೆ ಏನಪ್ಪಾ ಅಂದ್ರೆ, ಹುಣಸೆಹಣ್ಣೂ ಅಲ್ಲ, ಮಾವಿನಕಾಯೂ ಅಲ್ಲ. ಮಯೋನೀಸ್!

ಈ ರುಚಿ ಅವಳಿಗೆ ಹತ್ತಿದ್ದು ಹಂಪಿಯಲ್ಲಿ. ಕಾಲೇಜು ದಿನಗಳಲ್ಲಿ ದೋಣಿಯಲ್ಲಿ ಹೊಳೆ ದಾಟಿ ವಿರೂಪಾಪುರ ಗಡ್ಡೆಗೆ ಹೋಗ್ತಿದ್ವಿ. ವಿದೇಶಿ ಪ್ರವಾಸಿಗರಿಗೆ ಅಂತಲೇ ಇದ್ದ ಕೆಫೆಗಳಲ್ಲಿ ನೆಲದ ಮೇಲೆ ಕೂತು ಫಲಾಫೆಲ್, ಹಮ್ಮಸ್ ತಿಂತಿದ್ವಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ಕಟ್ಟಡಗಳನ್ನು ತೆರವು ಮಾಡಿದರು. ಕೆಫೆ ಹೋಯ್ತು, ನಾಲಿಗೆ ಮರೀಲಿಲ್ಲ.

“ಏ ತಮ್ಮಾ, ಬರೀ ಒಂದ್ ಚಮಚ ಕೊಡೋ” ಅಂತ ಅಕ್ಕ. “ಬಸುರಿ ಹೆಣ್ಮಗಳು ಆಸೆಪಟ್ಟು ಕೇಳಿದ್ರ ಇಲ್ಲ ಅನ್ನಬಾರ್ದು” ಅಂತ ಅಮ್ಮ. ಅಜ್ಜಿದು ಬೇರೆಯೇ ವಾದ: “ಇಷ್ಟ್ ಎಣ್ಣಿ ಹಾಕಿ ಮಾಡಿ ಚೆಲ್ತೀಯಲ್ಲೋ, ಅನ್ನದಾಗ ಕಲಸಿ ತಿಂದ್ರ ಆಗಲ್ಲೇನು?”

ಅಜ್ಜಿ ಮಾತನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಭತ್ತದ ಗದ್ದೆಗಳ ಕಂಪ್ಲಿಯಲ್ಲಿ ಬೆಳೆದ ಆಕೆಗೆ ಉಳಿದದ್ದು ಅಂದರೆ ನಾಳೆಯ ನಾಷ್ಟಾ. ತಂಗಳನ್ನಕ್ಕೆ ಮೊಸರು, ಇಲ್ಲವೇ ಒಗ್ಗರಣೆ. ಉಳಿದ ಜೋಳದ ರೊಟ್ಟಿ ಒಣಗಿ ಖಟಕ್ ರೊಟ್ಟಿ ಆಗುತ್ತೆ. ಆಕೆಯ ಲೆಕ್ಕದ ಹಿಂದೆ ವಿಜ್ಞಾನವೂ ಇದೆ. ಒಣಗಿದ ರೊಟ್ಟಿಯಲ್ಲಿ ನೀರಿಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯಲ್ಲ. ಮೊಸರಿನಲ್ಲಿ ಹುಳಿ ಇದೆ.

ಆದರೆ ಮನೆಯ ಮಯೋನೀಸ್‌ನಲ್ಲಿ ಇರೋದು ಹಸಿ ಮೊಟ್ಟೆ. ಅದರಲ್ಲಿ ಸಾಲ್ಮೊನೆಲ್ಲಾ ಇದ್ದರೆ ವಾಸನೆ ಬರಲ್ಲ, ಬಣ್ಣ ಬದಲಾಗಲ್ಲ, ರುಚಿಯೂ ಕೆಡಲ್ಲ. ಮೂಸಿ ನೋಡಿ ಹೇಳೋ ಅಜ್ಜಿಯ ವಿದ್ಯೆ ಇಲ್ಲಿ ನಡೆಯಲ್ಲ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. 2024ರ ಅಕ್ಟೋಬರ್‌ನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಒಂದೊಂದು ವರ್ಷದ ಮಟ್ಟಿಗೆ ನಿಷೇಧ ಹೇರಿದವು. ಆರೋಗ್ಯವಾಗಿರೋರಿಗೆ ಎರಡು ದಿನದ ವಾಂತಿ-ಭೇದಿಯಲ್ಲಿ ಮುಗಿಯಬಹುದು. ಬಸುರಿಯರು, ಮಕ್ಕಳು, ವಯಸ್ಸಾದವರಿಗೆ ಅಷ್ಟರಲ್ಲೇ ಮುಗಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಮ್ಮ ಮನೆಯಲ್ಲಿ ಈಗ ಬಸುರಿಯೂ ಇದ್ದಾಳೆ, ವಯಸ್ಸಾದವರೂ ಇದ್ದಾರೆ.

ಅದಕ್ಕೇ ಡಬ್ಬಿ ಮೇಲೆ ಟೇಪ್ ಅಂಟಿಸಿ ಮಾಡಿದ ತಾರೀಖು ಬರೀತೀನಿ. ನಾಲ್ಕು ದಿನ ದಾಟಿದರೆ ಚೆಲ್ಲೋದು. ಫ್ರಿಜ್ ಬಾಗಿಲಲ್ಲಿ ಇಡಲ್ಲ, ಪದೇ ಪದೇ ತೆಗೆಯೋದರಿಂದ ಅಲ್ಲಿ ತಂಪು ಕಮ್ಮಿ. ಒಳಗೆ, ಹಿಂದಕ್ಕೆ ಇಡ್ತೀನಿ. ಸಾಮಾನ್ಯ ನಿಯಮದ ಪ್ರಕಾರ ಇಂಥ ಪದಾರ್ಥ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬೇಸಿಗೆಯಲ್ಲಿ 40 ಮುಟ್ಟೋ ನಮ್ಮೂರಲ್ಲಿ ಒಂದು ಗಂಟೆ ಅಂತಲೇ ಇಟ್ಕೊಳ್ಳಿ. ಕರೆಂಟ್ ಹೋಗಿ ತಾಸುಗಟ್ಟಲೆ ಬರದಿದ್ದರೆ ಆ ಡಬ್ಬಿಯ ಆಸೆ ಬಿಡಿ.

ಈ ನಾಲ್ಕು ದಿನದೊಳಗೆ ಖಾಲಿ ಮಾಡೋಕೆ ನಾನು ಹಿಡಿದಿರೋ ದಾರಿ ಒಂದೇ: ಪೂರ್ತಿ ಬೇಯಿಸೋದು. ಮಯೋನೀಸ್ ಅಂದ್ರೆ ಏನು? ಎಣ್ಣೆ, ಮೊಟ್ಟೆ, ನಿಂಬೆರಸ, ಉಪ್ಪು. ಇವೆಲ್ಲ ಬೀಳೋ ಅಡುಗೆಯಲ್ಲಿ ಇದೂ ಸೇರುತ್ತೆ.

ಮೊದಲನೆಯದು, ಫ್ರೈಡ್ ರೈಸ್. ತಣ್ಣಗಿನ ಅನ್ನ ಎರಡು ಕಪ್ ಇದ್ದರೆ ಒಂದು ದೊಡ್ಡ ಚಮಚ ಮಯೋ ಹಾಕಿ ಕೈಯಿಂದ ಬಿಡಿಸಿ, ಆಮೇಲೆ ಬಿಸಿ ಬಾಣಲೆಗೆ ಹಾಕಿ. ಪ್ರತಿ ಅಗುಳಿಗೂ ಎಣ್ಣೆ, ಮೊಟ್ಟೆ ಹತ್ತಿಕೊಂಡು ಅನ್ನ ಉದುರುದುರಾಗುತ್ತೆ. ಹೊಗೆಯಾಡೋ ತನಕ ಚೆನ್ನಾಗಿ ಹುರೀಬೇಕು. “ಅನ್ನದಾಗ ಕಲಸಿ ತಿನ್ನು” ಅಂತ ಅಜ್ಜಿ ಹೇಳಿದ್ದು ಅರ್ಧ ಸರಿ. ಒಲೆಯ ಮೇಲೆ ಕಲಸಬೇಕು, ಅಷ್ಟೇ.

ಎರಡನೆಯದು, ಬ್ರೆಡ್ ಟೋಸ್ಟ್. ಬೆಣ್ಣೆ ಬದಲು ಬ್ರೆಡ್ಡಿನ ಹೊರಭಾಗಕ್ಕೆ ತೆಳ್ಳಗೆ ಮಯೋ ಸವರಿ ತವಾ ಮೇಲೆ ಎರಡೂ ಕಡೆ ಕೆಂಪಗಾಗೋ ತನಕ ಸುಡಿ. ಬೆಣ್ಣೆಯಷ್ಟು ಬೇಗ ಸೀಯಲ್ಲ, ಬಣ್ಣವೂ ಎಲ್ಲ ಕಡೆ ಒಂದೇ ಥರ ಬರುತ್ತೆ.

ಮೂರನೆಯದು, ಚಿಕನ್ ಅಥವಾ ಪನೀರ್ ಮಸಾಲೆ. ಎರಡು ಚಮಚ ಮಯೋಗೆ ಖಾರದ ಪುಡಿ, ಅರಿಶಿನ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಸೇರಿಸಿ ಹಚ್ಚಿ. ಮಸಾಲೆ ತವಾಕ್ಕೆ ಅಂಟದೆ ತುಂಡಿಗೇ ಅಂಟುತ್ತೆ, ಚಿಕನ್ ಒಣಗಲ್ಲ.

ನಾಲ್ಕನೆಯದು, ಕೇಕ್. ಅಮೆರಿಕದ ಮನೆಗಳಲ್ಲಿ ಚಾಕೊಲೇಟ್ ಕೇಕಿಗೆ ಮೊಟ್ಟೆ, ಎಣ್ಣೆ ಬದಲು ಮಯೋನೀಸ್ ಹಾಕೋದು ಹಳೆಯ ರೂಢಿ. ನಮ್ಮ ಕುಕ್ಕರ್ ಕೇಕಿಗೂ ನಡೆಯುತ್ತೆ. ಬೆಳ್ಳುಳ್ಳಿ ಹಾಕಿದ ಮಯೋ ಆದರೆ ದಯವಿಟ್ಟು ಬೇಡ!

ಎರಡು ಕಡೆ ಮಾತ್ರ ಇದು ಕೈಕೊಡುತ್ತೆ. ಕುದಿಯೋ ಗ್ರೇವಿಗೆ ಹಾಕಿದರೆ ಒಡೆದು ಎಣ್ಣೆ ಮೇಲೆ ತೇಲುತ್ತೆ. ಫ್ರೀಜರ್‌ನಲ್ಲಿ ಇಟ್ಟರೂ ಅದೇ ಕಥೆ. ಮೊಟ್ಟೆಯ ಹಳದಿಯಲ್ಲಿರೋ ಲೆಸಿಥಿನ್ ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ನೀರಿನಲ್ಲಿ ಬೇರೆ ಬೇರೆಯಾಗಿ ಹಿಡಿದಿಟ್ಟಿರುತ್ತೆ. ಹಿಮದ ಹರಳುಗಳು ಆ ಹನಿಗಳನ್ನು ಒತ್ತಿ ಒಂದಾಗಿಸಿಬಿಡುತ್ತವೆ. ಹಾಗೆ ಒಡೆದದ್ದನ್ನು ಚಪಾತಿ ಹಿಟ್ಟಿಗೆ ಎಣ್ಣೆ ಬದಲು ಹಾಕಿ ಕಲಸಿ, ಕೂಡಲೇ ಚೆನ್ನಾಗಿ ಬೇಯಿಸಿ.

ಇಷ್ಟೆಲ್ಲ ಆದಮೇಲೂ ಅಕ್ಕನ ಆ ಒಂದು ಚಮಚದ ಪ್ರಶ್ನೆ ಹಾಗೇ ಉಳೀತು. ಬೇಯಿಸಿದ ಮಯೋ ಅವಳ ಬಯಕೆ ತೀರಿಸಲ್ಲ. ತಣ್ಣಗೆ, ಬೆಳ್ಳಗೆ, ಬೆರಳಲ್ಲಿ ನೆಕ್ಕೋ ಹಾಗಿರಬೇಕು. ಅವಳಿಗೆ ಅಂತ ಮೊಟ್ಟೆ ಇಲ್ಲದ್ದನ್ನೇ ಮಾಡ್ತೀನಿ: ಕಾಯಿಸಿ ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ಹಾಲು ಅರ್ಧ ಕಪ್, ಸೂರ್ಯಕಾಂತಿ ಎಣ್ಣೆ ಒಂದು ಕಪ್, ಚಿಟಿಕೆ ಸಾಸಿವೆ ಪುಡಿ, ಉಪ್ಪು. ಉದ್ದನೆಯ ಲೋಟದಲ್ಲಿ ಹ್ಯಾಂಡ್ ಬ್ಲೆಂಡರ್ ತಳಕ್ಕೆ ಇಟ್ಟು ಓಡಿಸಿ, ಗಟ್ಟಿಯಾಗ್ತಾ ಬಂದ ಹಾಗೆ ನಿಧಾನಕ್ಕೆ ಮೇಲೆತ್ತಬೇಕು. ಕೊನೆಗೆ ಒಂದು ಚಮಚ ನಿಂಬೆರಸ. ಇಲ್ಲಿ ಲೆಸಿಥಿನ್ ಮಾಡೋ ಕೆಲಸವನ್ನು ಹಾಲಿನ ಪ್ರೋಟೀನ್ ಮಾಡುತ್ತೆ. ಶೇಂಗಾ ಎಣ್ಣೆಯೂ ಆಗುತ್ತೆ, ಆದರೆ ಅದರ ವಾಸನೆಯೇ ಮುಂದಾಗುತ್ತೆ. ಲೋಟ ಕಿರಿದಾಗಿದ್ದರೆ ಇದರಲ್ಲಿ ಅರ್ಧದಷ್ಟೂ ಮಾಡಬಹುದು. ಉಳಿಯೋ ತಲೆನೋವೇ ಕಮ್ಮಿ.

ಬಿಸಿ ಜೋಳದ ರೊಟ್ಟಿಗೆ ಇದನ್ನು ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಸೌತೆಕಾಯಿ ಇಟ್ಟು ಸುತ್ತಿಕೊಟ್ಟರೆ ಅಕ್ಕ ಮಾತಾಡದೆ ಎರಡು ತಿಂತಾಳೆ. ಅಮ್ಮ ಸಂಜೆ ಮಿರ್ಚಿ ಜೊತೆ ನೆಂಚಿಕೊಳ್ತಾರೆ. ಗರ್ಭಿಣಿಯ ಊಟದ ಬಗ್ಗೆ ಏನೇ ಅನುಮಾನ ಇದ್ದರೂ ಡಾಕ್ಟರ್‌ನ ಕೇಳಿ, ಅದು ಬೇರೆ ಮಾತು.

ಚೆಲ್ಲೋ ದಿನ ಅಜ್ಜಿ ಮುಖ ಈಗಲೂ ಸಣ್ಣದಾಗುತ್ತೆ. ಎಣ್ಣೆಯನ್ನು ಅಳೆದು ಅಳೆದು ಖರ್ಚು ಮಾಡಿ ಸಂಸಾರ ತೂಗಿಸಿದವರಿಗೆ ಅದು ಸಂಕಟವೇ, ನನಗೆ ಅರ್ಥವಾಗುತ್ತೆ. ಆದರೆ ಮೊನ್ನೆ ಆಕೆಯೇ ಫ್ರಿಜ್ ಮುಂದೆ ನಿಂತು, ಕನ್ನಡಕ ಏರಿಸಿ, ಡಬ್ಬಿ ಹಿಡಿದು ಕೇಳಿದಳು: “ಇದರ ತಾರೀಖು ಎಷ್ಟಪ್ಪಾ? ನಾಳಿಗಿ ಅನ್ನ ಜಾಸ್ತಿ ಮಾಡ್ಲೇನು?”