ಸೋರುವ ಮಾಳಿಗಿ

ಬೈಲಹೊಂಗಲದ ನಮ್ಮ ಹಳೆಯ ಮನೆಗೆ ಮಣ್ಣಿನ ಮಾಳಿಗಿ ಇತ್ತು. ತೊಲೆ, ಜಂತಿ, ಹಲಗೆ, ಎಲ್ಲದರ ಮೇಲೆ ಮೊಳ ದಪ್ಪ ಸವಳು ಮಣ್ಣು. ಮಿರಗದ ಮಳೆಗೆ ಮೊದಲು ಅಪ್ಪ ಹೊಸ ಮಣ್ಣು ಹಾಕಿಸುತ್ತಿದ್ದ. ಆದರೂ ಸೋರುತ್ತಿತ್ತು. ಪಡಸಾಲೆಗೆ ಪರಾತ, ಅಡಿಗೆಮನೆಗೆ ಗಡಿಗೆ, ದೇವರ ಮಾಡದ ಮುಂದೆ ಹಿತ್ತಾಳೆ ಬೋಗುಣಿ ಇಡುವುದು ನನ್ನ ಪಾಲಿನ ಕೆಲಸ. ಬೋಗುಣಿಯ ಸದ್ದು ಇಂಪೆಂದು ಅದನ್ನು ದೊಡ್ಡ ಹನಿ ಬೀಳುವಲ್ಲಿಗೆ ಸರಿಸುತ್ತಿದ್ದೆ. ಮನೆ ತುಂಬ ಕಂದೀಲಿನ ಎಣ್ಣೆ ಮತ್ತು ತೊಯ್ದ ಕೌದಿಯ ವಾಸನೆ.

ಅಂಥ ರಾತ್ರಿ ಆಯಿ ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ ಹಾಡುತ್ತಿದ್ದಳು. ಅಪ್ಪನನ್ನು ಬಯ್ಯಲು ಅವಳೇ ಕಟ್ಟಿದ ಹಾಡೆಂದು ನಾನು ತಿಳಿದಿದ್ದೆ. “ಅಪ್ಪ ಮಣ್ಣ ಹಾಕ್ಸ್ಯಾನಲ್ಲಾ ಆಯಿ, ಮತ್ಯಾಕ ಹಾಡತಿ?” ಎಂದೆ. “ಆ ಮಾಳಿಗಿ ಅಲ್ಲೋ ತಮ್ಮಾ, ಈ ಮಾಳಿಗಿ” ಎಂದು ಎದೆ ಮುಟ್ಟಿಕೊಂಡಳು. ಅವಳಿಗೆ ಎದೆನೋವು ಬಂತೆಂದು ನಾನು ಓಡಿಹೋಗಿ ಅವ್ವನಿಂದ ಕಷಾಯ ಮಾಡಿಸಿ ತಂದೆ. ಆಯಿ ಮಾತಾಡದೆ ಕುಡಿದಳು.

1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಹತ್ತಿ ಮಾರಿದ ದುಡ್ಡಿನಲ್ಲಿ ಟೇಪ್ ರೆಕಾರ್ಡರ್ ಕೊಂಡಿದ್ದೆ. 28 ರೂಪಾಯಿ ಕೊಟ್ಟು ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳ ಕ್ಯಾಸೆಟ್ ತಂದೆ. ಆಯಿ ಒಂದು ಮಗ್ಗಲು ಪೂರ್ತಿ ಕೇಳಿ, “ಛಲೋ ಹಾಡ್ಯಾನ. ಆದ್ರ ನಡುವ ನಿಲ್ಲಿಸಿ ಅರ್ಥ ಕೇಳಾಕ ಬರೂದಿಲ್ಲಲ್ಲೋ” ಅಂದಳು. ಭಜನೆಯಲ್ಲಿ ಏಕತಾರಿ ಕೆಳಗಿಟ್ಟು ಅರ್ಥ ಹೇಳುವವರಿರುತ್ತಿದ್ದರು.

2008ರಲ್ಲಿ ಮಗ ಬೆಂಗಳೂರಿನಿಂದ ಒಂದು ಸಿಡಿ ತಂದ. ಮೈಸೂರಿನಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿ ಬೆಳೆದ ರಘು ದೀಕ್ಷಿತರ ಮೊದಲ ಆಲ್ಬಂ. ಗಿಟಾರು, ಡ್ರಮ್ಮು, ಪಿಟೀಲು, ನಡುವೆ ನಮ್ಮ ಆಯಿಯ ಹಾಡು. ಮೊದಲು “ಸಣ್ಣಗ ಮಾಡಪಾ” ಎಂದೆ. ಆಮೇಲೆ ಒಂದು ಮಾತು ಕಿವಿಗೆ ಬಿತ್ತು. ಮೈಸೂರಿನ ಹುಡುಗ ‘ಮಾಳಿಗೆ’ ಅನ್ನಲಿಲ್ಲ, ‘ಮಾಳಿಗಿ’ ಎಂದೇ ಹಾಡಿದ. ಅಷ್ಟಕ್ಕೇ ನಾನು ಅವರ ಕಡೆಯವನಾದೆ. ಅಷ್ಟರಲ್ಲಿ ನಮ್ಮ ಮನೆಗೆ ಸ್ಲ್ಯಾಬ್ ಬಿದ್ದು ನಾಲ್ಕು ವರ್ಷವಾಗಿತ್ತು, ಆಯಿಯೂ ಇರಲಿಲ್ಲ.

ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಅದಕ್ಕೆ ನಾನೇ ಕಾದಿದ್ದೆ. ನಡುವೆ, 2010ರಲ್ಲಿ, ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ರಘು ದೀಕ್ಷಿತರ ತಂಡ ಹಾಡಿ ಬಂದಿತ್ತು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿಯುವವರಿಗೆ ಲಂಡನ್ ನೋಡಿ ಬಂದ ಮೇಲೆ ಶಿಶುನಾಳ ಬೇಕಾದೀತೇ ಎಂಬ ಅಳುಕು ನನಗೆ. ಬೇಕಾಗಿತ್ತು. ಶರೀಫರ ‘ಲೋಕದ ಕಾಳಜಿ’ ಅದರಲ್ಲಿದೆ. ಜನ ಮೊದಲನೆಯ ಆಲ್ಬಮ್ಮನ್ನೇ ಹೊಗಳುತ್ತಾರೆ, ನನಗೆ ಎರಡನೆಯದೇ ಹೆಚ್ಚು. ಪದದ ಅರ್ಥ ಕುಳಿತು ಕೇಳಿಸಿಕೊಂಡವನ ದನಿ ಅದು. ಆಯಿ ಇದ್ದಿದ್ದರೆ ನಡುವೆ ನಿಲ್ಲಿಸಿ ಎನ್ನುತ್ತಿರಲಿಲ್ಲ.

ಈಗ ಕ್ಯಾಸೆಟ್ಟೂ ಇಲ್ಲ, ಸಿಡಿ ಹಾಕುವ ಯಂತ್ರವೂ ಇಲ್ಲ, ಎಲ್ಲ ಮೊಬೈಲಿನಲ್ಲೇ. ಅದರ ದನಿ ನನಗೆ ಸಾಲದು. ಹೋದ ಮಳೆಗಾಲದಲ್ಲಿ ಮೊಮ್ಮಗಳು ಅಟ್ಟದಿಂದ ಹಿತ್ತಾಳೆ ಬೋಗುಣಿ ಇಳಿಸಿ, ಹುಣಸೆಹಣ್ಣಿನಿಂದ ತಿಕ್ಕಿ, ಮೊಬೈಲನ್ನು ಅದರೊಳಗಿಟ್ಟಳು. “ಈಗ ಕೇಳಸ್ತೈತೇನ್ರಿ ಮುತ್ಯಾ?”

ಕೇಳಿಸಿತು.