ಬೆಳಕನ್ನೇ ಬರೆದ ಚಿತ್ರಕಾರ

ವೆನಿಸ್ ಇಟಲಿಯ ಈಶಾನ್ಯ ತೀರದಲ್ಲಿ, ಆಳವಿಲ್ಲದ ಉಪ್ಪುನೀರಿನ ಹಿನ್ನೀರಿನ ನಡುವೆ ನಿಂತಿರುವ ನಗರ. ನೂರಕ್ಕೂ ಮಿಕ್ಕ ಸಣ್ಣ ದ್ವೀಪಗಳು. ಕೆಸರಿನಲ್ಲಿ ಒತ್ತೊತ್ತಾಗಿ ನೆಟ್ಟ ಮರದ ಕಂಬಗಳ ಮೇಲೆ ಎದ್ದ ಅರಮನೆಗಳು. ಬೀದಿಗಳಿಗೆ ಬದಲಾಗಿ ಕಾಲುವೆಗಳು. ಇದನ್ನು ಚಿತ್ರಿಸಿದವರು ಅಸಂಖ್ಯರು. ಇಂಗ್ಲೆಂಡಿನ ಟರ್ನರ್, ಫ್ರಾನ್ಸಿನ ಮೊನೆ ಇವರ ಹೆಸರುಗಳನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಆದರೆ ಅರ್ಧ ಶತಮಾನ ಕಾಲ ಅಲ್ಲಿಗೆ ಮರಳಿ ಮರಳಿ ಹೋದ ಫೆಲಿಕ್ಸ್ ಜೀಮ್ ನಮಗೆ ಪರಿಚಿತನಾದುದು ತೀರ ತಡವಾಗಿ, ಒಂದು ಚಿತ್ರಸಂಪುಟದ ಮೂಲಕ.

ಜೀಮ್ ಹುಟ್ಟಿದ್ದು 1821ರಲ್ಲಿ, ಬರ್ಗಂಡಿ ಪ್ರಾಂತದ ಬೋನ್ ಎಂಬ ಊರಿನಲ್ಲಿ. ಸಮೀಪದ ದಿಜೋನ್ ಪಟ್ಟಣದಲ್ಲಿ ವಾಸ್ತುಶಿಲ್ಪ ಕಲಿತ ತರುಣನಿಗೆ ದೊರೆತ ಉದ್ಯೋಗವೂ ನೀರಿಗೆ ಸಂಬಂಧಿಸಿದ್ದೇ. ಡ್ಯುರಾನ್ಸ್ ನದಿಯ ನೀರನ್ನು ಮಾರ್ಸೇಲ್ಸ್ ನಗರಕ್ಕೆ ತರುವ ಕಾಲುವೆಯ ನಿರ್ಮಾಣದಲ್ಲಿ ಅವನು ಮೇಲ್ವಿಚಾರಕನಾಗಿದ್ದ. ಅಲ್ಲಿ ಬಿಡುವಿನಲ್ಲಿ ಬರೆದ ಜಲವರ್ಣಗಳನ್ನು ಆರ್ಲಿಯನ್ಸ್‌ನ ರಾಜಕುಮಾರ ಮೆಚ್ಚಿದನಂತೆ. ಉದ್ಯೋಗ ಬಿಟ್ಟು ಕುಂಚ ಹಿಡಿದವನು 1842ರಲ್ಲಿ ಮೊದಲ ಬಾರಿಗೆ ವೆನಿಸ್ ಕಂಡ.

ಅವನ ಚಿತ್ರಗಳ ಕ್ರಮ ಸರಳವಾದುದು. ದಿಗಂತ ಬಹು ಕೆಳಗೆ. ಮೇಲೆ ವಿಶಾಲವಾದ ಆಕಾಶ, ಕೆಳಗೆ ಅದೇ ಆಕಾಶವನ್ನು ಹೊತ್ತ ನೀರು. ಇವೆರಡರ ನಡುವೆ ಅರಮನೆ, ಗೋಪುರ, ಗುಮ್ಮಟಗಳುಳ್ಳ ನಗರ ತೆಳುವಾದ ಅಂಚಿನಂತೆ. ಒಂದು ಬದಿಯಲ್ಲಿ ಕಾವಿಗೆಂಪು ಹಾಯಿಯ ಮೀನುಗಾರರ ದೋಣಿ. ಸಮಯ ಸಾಮಾನ್ಯವಾಗಿ ಮುಂಜಾವು, ಇಲ್ಲವೇ ಸಂಜೆ. ಬಿಸಿಲೇರಿದ ನಡುಹಗಲಿಗಿಂತ ಓರೆಯಾಗಿ ಬೀಳುವ ಬೆಳಕು ಅವನಿಗೆ ಪ್ರಿಯ. ಅದು ಕಲ್ಲಿನ ಭಾರವನ್ನು ಕಳೆದು, ನೀರಿಗೆ ಹೊನ್ನಿನ ಮೈ ಕೊಡುತ್ತದೆ. ಬಣ್ಣವನ್ನು ಅವನು ದಪ್ಪವಾಗಿ, ಅವಸರದಿಂದೆಂಬಂತೆ ಹಚ್ಚುತ್ತಾನೆ.

ನಮ್ಮ ಸೊಸೆ ಆ ಪುಟಗಳನ್ನು ತಿರುವಿ ಹಾಕಿ, "ಮಾವನವರೇ, ಈ ಊರಿನಲ್ಲಿ ಬಟ್ಟೆ ಒಣಗ ಹಾಕುವವರು ಯಾರೂ ಇಲ್ಲವೇ?" ಎಂದು ಕೇಳಿದಳು. ನಕ್ಕೆವು, ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಏಕೆಂದರೆ ಜೀಮ್ ಕಂಡ ವೆನಿಸ್ ಸುಖದಲ್ಲಿರಲಿಲ್ಲ. ಸಾವಿರ ವರ್ಷ ಬಾಳಿದ ಅದರ ಗಣರಾಜ್ಯವನ್ನು 1797ರಲ್ಲಿ ನೆಪೋಲಿಯನ್ ಅಳಿಸಿದ್ದ. ಬಳಿಕ ಆಸ್ಟ್ರಿಯದ ಆಳ್ವಿಕೆ. 1848ರಲ್ಲಿ ಜನರು ದಂಗೆಯೆದ್ದರು. ಮುತ್ತಿಗೆ, ಫಿರಂಗಿ, ಹಸಿವು, ಕಾಲರಾಗಳನ್ನು ಸಹಿಸಿ 1849ರ ಆಗಸ್ಟಿನಲ್ಲಿ ಶರಣಾದರು. ಅದೇ 1849ರಲ್ಲಿ ಜೀಮ್ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ. ನಗರವು ಇಟಲಿಗೆ ಸೇರಿದ್ದು 1866ರಲ್ಲಿ. ಆ ಸಂಕಟದ ಛಾಯೆ ಅವನ ಹೊನ್ನಿನ ನೀರಿನಲ್ಲಿ ನಮಗೆ ಕಾಣಲಿಲ್ಲ. ಇದನ್ನು ಕೊರತೆಯೆಂದೇ ನಾವು ಎಣಿಸುತ್ತೇವೆ. ಸುಂದರವಾದುದಷ್ಟನ್ನೇ ಆರಿಸಿಕೊಳ್ಳುವ ಕಣ್ಣು ಪೂರ್ತಿ ನೋಡಿದ ಕಣ್ಣಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ಕೊಳ್ಳುವವರು ವೆನಿಸ್ಸನ್ನೇ ಕೇಳಿದರು, ಅವನು ವೆನಿಸ್ಸನ್ನೇ ಕೊಟ್ಟ. ಹಲವು ಚಿತ್ರಗಳು ಒಂದೇ ಅಚ್ಚಿನವು ಎಂಬುದು ಆ ಮಾತು. ಇದರಲ್ಲಿ ಸತ್ಯವಿದೆ. ಆದರೆ ಬರಿಯ ವ್ಯಾಪಾರಕ್ಕಾಗಿ ಬರೆಯುವವನು ಬದುಕನ್ನೂ ನೀರಿನ ಬಳಿಯೇ ಕಟ್ಟಿಕೊಳ್ಳುತ್ತಿದ್ದನೇ? ಫ್ರಾನ್ಸಿನ ದಕ್ಷಿಣದಲ್ಲಿ ಮಾರ್ತಿಗ್ ಎಂಬ, ಕಾಲುವೆಗಳೇ ಹರಿಯುವ ಮೀನುಗಾರರ ಊರಿನಲ್ಲಿ ಅವನು ಚಿತ್ರಶಾಲೆ ಮಾಡಿಕೊಂಡ. ಅಲ್ಲಿ ಇಂದು ಅವನ ಹೆಸರಿನ ಸಂಗ್ರಹಾಲಯವಿದೆ. ವ್ಯಾನ್ ಗೋನಂಥ ಕಲಾವಿದ ತನ್ನ ಪತ್ರಗಳಲ್ಲಿ ಜೀಮ್‌ನ ಬಣ್ಣಗಳನ್ನು ಆದರದಿಂದ ನೆನೆದಿದ್ದಾನೆ.

1905ರಲ್ಲಿ, ಎಂಬತ್ತು ದಾಟಿದ ಜೀಮ್ ತನ್ನ ಬಳಿ ಉಳಿದಿದ್ದ ಅನೇಕ ಕೃತಿಗಳನ್ನು ಪ್ಯಾರಿಸ್ಸಿನ ಪೆತಿ ಪಾಲೆ ಸಂಗ್ರಹಾಲಯಕ್ಕೆ ದಾನವಿತ್ತ. 1911ರಲ್ಲಿ ತೀರಿಕೊಂಡ. ಮಾರಾಟಕ್ಕೆಂದು ಸಿದ್ಧಗೊಳಿಸಿದ ದೊಡ್ಡ ಚಿತ್ರಗಳಿಗಿಂತ, ತನಗಾಗಿ ಬರೆದುಕೊಂಡ ಅವನ ಪುಟ್ಟ ಕರಡುಗಳೇ ನಮಗೆ ಹೆಚ್ಚು ಹಿಡಿಸುತ್ತವೆ. ಅವುಗಳಲ್ಲಿ ಅರಮನೆಯ ಅಲಂಕಾರವಿಲ್ಲ, ಕೊಳ್ಳುವವರ ನಿರೀಕ್ಷೆಯಿಲ್ಲ. ನಾಲ್ಕಾರು ಕುಂಚದ ಎಳೆಗಳಲ್ಲಿ ನಗರ, ಉಳಿದುದೆಲ್ಲ ನೀರಿನ ಮೇಲೆ ಹರಡಿದ ಬೆಳಗಿನ ತೆಳು ಹಳದಿ.